ಗಡ್ಡೆ ಒಂದೆಡೆ, ಸಂಕಟ ಮತ್ತೊಂದೆಡೆ

ಹೊಟ್ಟೆಯೊಳಗೆ ಗಡ್ಡೆ ಬೆಳೆದರೆ ಹೊಟ್ಟೆ ನೋಯಬೇಕು, ಊದಬೇಕು, ಇಲ್ಲವೇ ರಕ್ತ ಹೋಗಬೇಕು ಎಂಬುದು ಎಲ್ಲರ ಲೆಕ್ಕ. ಎಷ್ಟೋ ಸಲ ಆ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಅಂಡಾಶಯದಲ್ಲಿ ಕಡಲೆಕಾಳಿನಷ್ಟು ಗಡ್ಡೆ ಇರುವ ಹೆಂಗಸೊಬ್ಬಳು ತಲೆ ತಿರುಗುತ್ತದೆಂದು ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿರಬಹುದು. ಇನ್ನೊಬ್ಬಳು ಕಣ್ರೆಪ್ಪೆಯ ಮೇಲಿನ ನೇರಳೆ ಕಲೆಗೆ ಮುಲಾಮು ಹಚ್ಚುತ್ತಿರಬಹುದು. ಮತ್ತೊಬ್ಬಳನ್ನು ಮನೆಯವರು ಮನೋವೈದ್ಯರ ಬಳಿಗೋ ಮಂತ್ರವಾದಿಯ ಬಳಿಗೋ ಎಳೆದುಕೊಂಡು ಹೋಗಿರಬಹುದು. ಮೂವರ ತೊಂದರೆಯ ಮೂಲವೂ ಕಿಬ್ಬೊಟ್ಟೆಯಲ್ಲೇ ಇದ್ದೀತೆಂದು ಯಾರಿಗೂ ಹೊಳೆಯುವುದಿಲ್ಲ.

ಗಡ್ಡೆ ಅಕ್ಕಪಕ್ಕದ ಅಂಗವನ್ನು ಒತ್ತಿದ್ದರಿಂದ ಅಲ್ಲ, ಬೇರೆ ಕಡೆ ಹರಡಿದ್ದರಿಂದ ಅಲ್ಲ, ಕಿಮೋಥೆರಪಿಯ ಅಡ್ಡಪರಿಣಾಮವೂ ಅಲ್ಲ. ದೂರದಲ್ಲಿ ಕುಳಿತೇ ಅದು ದೇಹದ ಇನ್ನೊಂದು ಮೂಲೆಯಲ್ಲಿ ಎಬ್ಬಿಸುವ ಈ ಬಗೆಯ ತೊಂದರೆಗಳನ್ನು ವೈದ್ಯರು ಪ್ಯಾರಾನಿಯೋಪ್ಲಾಸ್ಟಿಕ್ ಸಿಂಡ್ರೋಮ್ ಎನ್ನುತ್ತಾರೆ. ಇವು ಅಪರೂಪ. ನರಮಂಡಲಕ್ಕೆ ತಗಲುವ ಬಗೆಯಂತೂ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಒಬ್ಬರಲ್ಲೂ ಕಾಣಿಸುವುದಿಲ್ಲ. ಇಷ್ಟು ಅಪರೂಪದ್ದನ್ನು ಓದುಗರು ಏಕೆ ತಿಳಿದಿರಬೇಕು? ಏಕೆಂದರೆ ಇವು ಅನೇಕ ಸಲ ಕ್ಯಾನ್ಸರ್ ಪತ್ತೆಯಾಗುವುದಕ್ಕೆ ಮೊದಲೇ ಕಾಣಿಸಿಕೊಳ್ಳುತ್ತವೆ. ಸುಳಿವು ಹಿಡಿದವರಿಗೆ ಗಡ್ಡೆ ಚಿಕ್ಕದಿರುವಾಗಲೇ ಸಿಗುತ್ತದೆ. ಹಿಡಿಯದವರು ಒಂದು ವಿಭಾಗದಿಂದ ಇನ್ನೊಂದಕ್ಕೆ ಅಲೆಯುತ್ತಾರೆ.

ಇದು ನಡೆಯುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಗಡ್ಡೆಯ ಕೋಶಗಳು ತಮ್ಮದಲ್ಲದ ಕೆಲಸಕ್ಕೆ ಕೈ ಹಾಕಿ ಹಾರ್ಮೋನಿನಂಥ ವಸ್ತುಗಳನ್ನೋ ರಕ್ತ ಹೆಪ್ಪುಗಟ್ಟಿಸುವ ವಸ್ತುಗಳನ್ನೋ ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಎರಡನೆಯದು ಇನ್ನಷ್ಟು ವಿಚಿತ್ರ. ಅಂಡಾಶಯದ ಕೆಲವು ಗಡ್ಡೆಗಳು ಸಾಮಾನ್ಯವಾಗಿ ನರಕೋಶಗಳಲ್ಲಷ್ಟೇ ಇರುವ ಪ್ರೋಟೀನುಗಳನ್ನು ತಯಾರಿಸತೊಡಗುತ್ತವೆ. ದೇಹದ ರೋಗನಿರೋಧಕ ವ್ಯವಸ್ಥೆ ಅವನ್ನು ಗುರುತಿಸಿ ಗಡ್ಡೆಯ ಮೇಲೆ ಬೀಳುತ್ತದೆ. ಕಳ್ಳನ ಫೋಟೊ ಹಿಡಿದು ಹೊರಟ ಪೊಲೀಸರು ಅದೇ ಮುಖಚಹರೆಯ ಅಮಾಯಕನನ್ನೂ ಹಿಡಿದು ಬಡಿಯುವಂತೆ, ಅದೇ ಪ್ರೋಟೀನು ಇರುವ ಮೆದುಳಿನ ಕೋಶಗಳೂ ಏಟು ತಿನ್ನುತ್ತವೆ. ಗಡ್ಡೆ ಚಿಕ್ಕದಾಗಿಯೇ ಉಳಿದು ಮೆದುಳು ಮಾತ್ರ ಹಾಳಾಗುವುದಕ್ಕೆ ಕಾರಣವೂ ಇದೇ: ನಿರೋಧಕ ಶಕ್ತಿ ಗಡ್ಡೆಯನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ, ಅದರ ಬೆಲೆಯನ್ನು ಮೆದುಳು ತೆರುತ್ತದೆ.

ದೆವ್ವವಲ್ಲ, ಹುಚ್ಚೂ ಅಲ್ಲ

ಈ ಕಥೆಯ ಬಹು ದೊಡ್ಡ ಅಧ್ಯಾಯ ಬರೆದವರು ಸ್ಪೇನ್ ಮೂಲದ ನರವಿಜ್ಞಾನಿ ಜೋಸೆಪ್ ಡಾಲ್ಮೌ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ 2005ರಲ್ಲಿ ಅವರ ತಂಡ ನಾಲ್ವರು ಮಹಿಳೆಯರ ಬಗ್ಗೆ ವರದಿ ಮಾಡಿತು. ನಾಲ್ವರಲ್ಲೂ ಏಕಾಏಕಿ ಮನೋವಿಕಾರ, ಮರೆವು, ಅರೆಪ್ರಜ್ಞೆ, ಉಸಿರಾಟದ ತೊಂದರೆ. ನಾಲ್ವರ ಅಂಡಾಶಯದಲ್ಲೂ ಟೆರಟೋಮಾ ಎಂಬ ಗಡ್ಡೆ. ಟೆರಟೋಮಾದ ಒಳಗೆ ಕೂದಲು, ಹಲ್ಲು, ಕೊಬ್ಬು ಸಿಗುವುದುಂಟು. ನರಗಳ ಅಂಗಾಂಶವೂ ಇರುವುದುಂಟು. ಎಡವಟ್ಟು ಆಗುವುದು ಅಲ್ಲಿಯೇ. 2007ರಲ್ಲಿ ಅದೇ ತಂಡ, ಈ ರೋಗಿಗಳ ಪ್ರತಿಕಾಯಗಳು (ನಿರೋಧಕ ವ್ಯವಸ್ಥೆ ತಯಾರಿಸುವ ಆ್ಯಂಟಿಬಾಡಿಗಳು) ಮೆದುಳಿನ ಎನ್‌ಎಂಡಿಎ ಗ್ರಾಹಕಗಳನ್ನು ಗುರಿಯಾಗಿಸಿಕೊಂಡಿವೆ ಎಂದು ತೋರಿಸಿತು. ನೆನಪು, ಕಲಿಕೆ, ನಡವಳಿಕೆ ಎಲ್ಲಕ್ಕೂ ಬೇಕಾದ ಗ್ರಾಹಕಗಳವು.

ಮರುವರ್ಷ ನೂರು ರೋಗಿಗಳ ಲೆಕ್ಕ ಹೊರಬಂತು. 91 ಮಂದಿ ಹೆಂಗಸರು, ಸರಾಸರಿ ವಯಸ್ಸು 23. 77 ಮಂದಿಯನ್ನು ಮೊದಲು ನೋಡಿದವರು ಮನೋವೈದ್ಯರು. ಗಡ್ಡೆಗಾಗಿ ತಪಾಸಣೆ ಮಾಡಿಸಿಕೊಂಡ 98 ಮಂದಿಯಲ್ಲಿ 58 ಮಂದಿಗೆ ಗಡ್ಡೆ ಇತ್ತು, ಬಹುಪಾಲು ಅಂಡಾಶಯದ ಟೆರಟೋಮಾ. ಮೊದಲ ನಾಲ್ಕು ತಿಂಗಳೊಳಗೆ ಗಡ್ಡೆ ಸಿಕ್ಕಿ ಚಿಕಿತ್ಸೆಯಾದವರು ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಈ ಟೆರಟೋಮಾಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ನಿರಪಾಯಕಾರಿ ಗಡ್ಡೆಗಳು. ಆದರೂ ಕೆಲಸ ಮಾತ್ರ ಕ್ಯಾನ್ಸರಿನಷ್ಟೇ ಕೆಟ್ಟದ್ದು.

ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯ ವರದಿಗಾರ್ತಿ ಸುಸಾನಾ ಕ್ಯಾಹಲನ್ 2009ರಲ್ಲಿ, 24ನೇ ವಯಸ್ಸಿನಲ್ಲಿ, ಇದೇ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ಸಾಲುಸಾಲು ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಡಾ. ಸುಹೇಲ್ ನಜ್ಜಾರ್ ಎಂಬ ವೈದ್ಯರು ಒಂದು ಗಡಿಯಾರದ ಚಿತ್ರ ಬರೆಯಲು ಹೇಳಿದರು. ಅಂಕಿಗಳನ್ನೆಲ್ಲ ಆಕೆ ವೃತ್ತದ ಬಲಗಡೆಗೇ ಬರೆದಿಟ್ಟರು. ಮೆದುಳಿನ ಬಲ ಭಾಗ ಊದಿಕೊಂಡಿದೆ ಎಂದು ವೈದ್ಯರು ಊಹಿಸಿದ್ದು ಅಷ್ಟರಿಂದಲೇ. ಕ್ಯಾಹಲನ್ ಚೇತರಿಸಿಕೊಂಡು ಬರೆದ 'ಬ್ರೈನ್ ಆನ್ ಫೈರ್' 2012ರಲ್ಲಿ ಪ್ರಕಟವಾಯಿತು. ಆಕೆಯ ದೇಹದಲ್ಲಿ ಯಾವ ಗಡ್ಡೆಯೂ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಇದೇ ಮೆದುಳಿನ ಉರಿಯೂತ ಗಡ್ಡೆಯಿಲ್ಲದೆಯೂ ಬರುತ್ತದೆ. ಗಡ್ಡೆ ಇದೆಯೋ ಇಲ್ಲವೋ ಎಂದು ಹುಡುಕುವುದನ್ನು ಮಾತ್ರ ಬಿಡುವ ಹಾಗಿಲ್ಲ.

ನಮ್ಮ ಊರುಗಳಲ್ಲಿ ಇಂಥ ಹುಡುಗಿಗೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಮೂರು ದಿನ ಜ್ವರ, ತಲೆನೋವು. ಆಮೇಲೆ ನಿದ್ದೆ ಇಲ್ಲ, ಯಾರೋ ಕೊಲ್ಲಲು ಬರುತ್ತಿದ್ದಾರೆಂಬ ಭಯ, ಅಸಂಬದ್ಧ ಮಾತು, ಕೂಗಾಟ. ಗಾಳಿ ಸೋಕಿದೆ ಎಂದು ಯಾರೋ ಹೇಳುತ್ತಾರೆ. ಯಂತ್ರ, ತಾಯಿತ, ಹರಕೆ. ಪರೀಕ್ಷೆಯ ಒತ್ತಡ, ಮದುವೆ ಮಾತಿನ ಒತ್ತಡ ಎಂದು ಇನ್ಯಾರೋ ಸಮಾಧಾನ ಹೇಳುತ್ತಾರೆ. ಮನೋವೈದ್ಯರ ಬಳಿ ಹೋಗುವುದು ತಪ್ಪಲ್ಲ, ಅದೇ ಸರಿಯಾದ ಬಾಗಿಲು. ಆದರೆ ಅಲ್ಲಿ ಮನೆಯವರು ಬಿಡದೆ ಹೇಳಬೇಕಾದ ಸಂಗತಿಗಳಿವೆ: ಇದು ಕೆಲವೇ ದಿನ-ವಾರಗಳಲ್ಲಿ ಶುರುವಾಯಿತು, ಮೊದಲು ಜ್ವರ ಬಂದಿತ್ತು, ಫಿಟ್ಸ್ ಬಂದಿದೆ, ತುಟಿ-ನಾಲಿಗೆ ಸುಮ್ಮನೆ ಚಪ್ಪರಿಸುತ್ತಾಳೆ, ಮಾತು ನಿಂತುಹೋಗುತ್ತಿದೆ, ಮನೋರೋಗದ ಮಾತ್ರೆ ಕೊಟ್ಟ ಮೇಲೆ ಮೈ ಸೆಟೆದುಕೊಂಡು ಇನ್ನೂ ಹದಗೆಟ್ಟಿತು. ಹಿಂದೆಂದೂ ಮಾನಸಿಕ ಕಾಯಿಲೆ ಇಲ್ಲದಿದ್ದ ಹುಡುಗಿಯಲ್ಲಿ ಇವು ಕಂಡರೆ ನರರೋಗ ತಜ್ಞರು ನೋಡಲೇಬೇಕು.

ಆಗ ಮಾಡುವ ಮುಖ್ಯ ಪರೀಕ್ಷೆ ಬೆನ್ನಿನ ನೀರು ತೆಗೆದು ಪ್ರತಿಕಾಯ ಹುಡುಕುವುದು. ರಕ್ತದಲ್ಲಿ ಸಿಗದ ಪ್ರತಿಕಾಯ ಅಲ್ಲಿ ಸಿಗುವುದುಂಟು. ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂಬ ಭಯ ಹಲವರಿಗಿದೆ. ಆ ಭಯಕ್ಕೆ ಆಧಾರವಿಲ್ಲ. ತಲೆಯ ಎಂಆರ್‌ಐ ಅನೇಕರಲ್ಲಿ ಸಹಜವಾಗಿಯೇ ಇರುತ್ತದೆ, ಆದ್ದರಿಂದ ಎಂಆರ್‌ಐ ಚೆನ್ನಾಗಿದೆ ಎಂದ ಮಾತ್ರಕ್ಕೆ ವಿಷಯ ಮುಗಿಯಲಿಲ್ಲ. ಇಇಜಿಯಲ್ಲಿ ವ್ಯತ್ಯಾಸ ಕಾಣುವ ಸಂಭವ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯ ವಿಭಾಗ, ನರರೋಗ ವಿಭಾಗ, ಪ್ರತಿಕಾಯ ಪರೀಕ್ಷೆ ಮೂರೂ ಒಂದೇ ಆವರಣದಲ್ಲಿರುವುದು ಕರ್ನಾಟಕದವರಿಗೆ ಇರುವ ಅನುಕೂಲ.

ಗಡ್ಡೆ ಹುಡುಕಲು ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನಿಂಗ್ ಒಳ್ಳೆಯದು. ಮದುವೆಯಾಗದ ಹುಡುಗಿಗೆ ಅದು ಬೇಡ ಎಂದು ಮನೆಯವರು ಹಿಂಜರಿಯುತ್ತಾರೆ, ವೈದ್ಯರೂ ಸಾಮಾನ್ಯವಾಗಿ ಮಾಡುವುದಿಲ್ಲ. ಅದಕ್ಕೆ ಬೇರೆ ದಾರಿ ಇದೆ. ಕಿಬ್ಬೊಟ್ಟೆಯ ಎಂಆರ್‌ಐ ಟೆರಟೋಮಾವನ್ನು ಚೆನ್ನಾಗಿ ತೋರಿಸುತ್ತದೆ. ಪೆಟ್ ಸ್ಕ್ಯಾನ್ ದುಬಾರಿ ಎಂಬ ಕಾರಣಕ್ಕೆ ಅದೇ ಎಲ್ಲಕ್ಕಿಂತ ಮೇಲು ಎಂದುಕೊಳ್ಳುವವರಿದ್ದಾರೆ. ಬಲಿತ ಟೆರಟೋಮಾ ಅದರಲ್ಲಿ ಕಾಣದೆ ತಪ್ಪಿಸಿಕೊಳ್ಳಬಹುದು.

ಗಡ್ಡೆ ತೆಗೆದು, ಜೊತೆಗೆ ಸ್ಟಿರಾಯ್ಡ್, ಇಮ್ಯುನೊಗ್ಲಾಬುಲಿನ್ ಅಥವಾ ಪ್ಲಾಸ್ಮಾ ಬದಲಾವಣೆ, ಸಾಲದಿದ್ದರೆ ರಿಟುಕ್ಸಿಮ್ಯಾಬ್ ಕೊಡುತ್ತಾರೆ. 2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ ಎರಡು ವರ್ಷದ ಹೊತ್ತಿಗೆ ಐವರಲ್ಲಿ ಸುಮಾರು ನಾಲ್ವರು ಚೇತರಿಸಿಕೊಂಡಿದ್ದರು. ಚೇತರಿಕೆ ನಿಧಾನ. ತಿಂಗಳುಗಳೇ ಹಿಡಿಯುತ್ತವೆ. ಮೂರು ವಾರ ಐಸಿಯುನಲ್ಲಿಟ್ಟು ಪ್ರಯೋಜನ ಕಾಣಲಿಲ್ಲವೆಂದು ಮನೆಗೆ ಕರೆದೊಯ್ಯುವ ಯೋಚನೆ ಬಂದವರು ಈ ಅಂಕಿಯನ್ನು ನೆನೆಯಬೇಕು.

ಕಿರುಮೆದುಳಿಗೆ ಬಿದ್ದ ಏಟು

ಇಷ್ಟು ಒಳ್ಳೆಯ ಸುದ್ದಿ ಇನ್ನೊಂದು ಕಾಯಿಲೆಯಲ್ಲಿ ಇಲ್ಲ. ಐವತ್ತು ಅರವತ್ತರ ಆಸುಪಾಸಿನ ಮಹಿಳೆ. ಒಂದು ದಿನ ತಲೆ ಸುತ್ತಿ ವಾಂತಿ. ವರ್ಟಿಗೋ ಎಂದು ಮಾತ್ರೆ. ವಾರದೊಳಗೆ ನಡಿಗೆ ತೂರಾಡತೊಡಗುತ್ತದೆ, ಲೋಟ ಬಾಯಿಗೆ ಒಯ್ಯುವಾಗ ಕೈ ಗುರಿ ತಪ್ಪುತ್ತದೆ, ಮಾತು ತೊದಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಕೆಲವು ವಾರಗಳಲ್ಲಿ ಆಧಾರವಿಲ್ಲದೆ ನಿಲ್ಲಲೂ ಆಗುವುದಿಲ್ಲ. ದೇಹದ ಸಮತೋಲ ಕಾಯುವ ಕಿರುಮೆದುಳಿನ ಪರ್ಕಿಂಜೆ ಎಂಬ ಕೋಶಗಳು ನಾಶವಾಗುತ್ತಿರುವುದು ಇದಕ್ಕೆ ಕಾರಣ.

ಈ ಕಾಯಿಲೆಯಲ್ಲಿ ಸಿಗುವ ಮುಖ್ಯ ಪ್ರತಿಕಾಯದ ಹೆಸರು ಆ್ಯಂಟಿ-ಯೋ. ಮೊದಲ ರೋಗಿಗಳಲ್ಲಿ ಒಬ್ಬರ ಹೆಸರಿನ ಎರಡಕ್ಷರ ಅದಕ್ಕೆ ಅಂಟಿಕೊಂಡಿದೆ. ಅಂಡಾಶಯದ ಕ್ಯಾನ್ಸರ್ ಇದ್ದು ಕಿರುಮೆದುಳು ಹಾಳಾದ ರೋಗಿಗಳ ರಕ್ತದಲ್ಲಿ ಪರ್ಕಿಂಜೆ ಕೋಶಗಳಿಗೆ ಅಂಟುವ ಪ್ರತಿಕಾಯ ಇರುವುದನ್ನು 1983ರಲ್ಲಿ ಅಮೆರಿಕದ ಗ್ರೀನ್ಲೀ ಮತ್ತು ಬ್ರಾಶಿಯರ್ ವರದಿ ಮಾಡಿದ್ದರು. ಆ್ಯಂಟಿ-ಯೋ ಇದ್ದರೆ ಹುಡುಕಬೇಕಾದ ಜಾಗಗಳು ಸ್ಪಷ್ಟ: ಅಂಡಾಶಯ, ಅಂಡನಾಳ, ಗರ್ಭಕೋಶ, ಸ್ತನ. ಮ್ಯಾಮೊಗ್ರಾಂ, ಕಿಬ್ಬೊಟ್ಟೆಯ ಸ್ಕ್ಯಾನಿಂಗ್, ಸಿಟಿ, ಅದರಲ್ಲೂ ಸಿಗದಿದ್ದರೆ ಪೆಟ್ ಸ್ಕ್ಯಾನ್. ಇಲ್ಲಿ ಪೆಟ್ ಸ್ಕ್ಯಾನ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಎಲ್ಲವೂ ಸಹಜವಾಗಿದ್ದು ಪ್ರತಿಕಾಯ ಖಚಿತವಾಗಿದ್ದರೆ, ಮುಟ್ಟು ನಿಂತ ಮಹಿಳೆಯರಲ್ಲಿ ಲ್ಯಾಪ್ರೊಸ್ಕೋಪಿ ಮಾಡಿ ಕಣ್ಣಾರೆ ನೋಡುವ ಮಾತು ಬರುವುದೂ ಉಂಟು. ಸ್ಕ್ಯಾನಿಗೆ ಕಾಣದಷ್ಟು ಚಿಕ್ಕ ಗಡ್ಡೆ ಅಂಡನಾಳದ ತುದಿಯಲ್ಲಿ ಸಿಕ್ಕ ಉದಾಹರಣೆಗಳಿವೆ.

ಸತ್ತ ಪರ್ಕಿಂಜೆ ಕೋಶ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಚಿಕಿತ್ಸೆ ಉಳಿದದ್ದನ್ನು ಉಳಿಸಿಕೊಳ್ಳಲು. ನಡೆಯಬಲ್ಲ ಸ್ಥಿತಿಯಲ್ಲಿ ಗಡ್ಡೆ ಸಿಕ್ಕವರು ನಡೆಯುತ್ತ ಉಳಿಯುವ ಸಂಭವವಿದೆ; ಗಾಲಿಕುರ್ಚಿ ಸೇರಿದ ಮೇಲೆ ಸಿಕ್ಕರೆ ಕ್ಯಾನ್ಸರ್ ಗುಣವಾದರೂ ಕುರ್ಚಿ ಬಿಡುವುದು ಕಷ್ಟ. ಆದ್ದರಿಂದ ಮಾತ್ರೆಗೆ ಬಗ್ಗದೆ ವಾರದಿಂದ ವಾರಕ್ಕೆ ಹೆಚ್ಚುತ್ತಲೇ ಹೋಗುವ ತಲೆಸುತ್ತು, ಜೊತೆಗೆ ತೂರಾಟ ಅಥವಾ ತೊದಲು ಇದ್ದರೆ ಮುಂದಿನ ತಿಂಗಳು ನೋಡೋಣ ಎನ್ನುವಂತಿಲ್ಲ. ಅದೇ ಹೊತ್ತಿಗೆ ಇನ್ನೊಂದು ಮಾತು: ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅರೆನಿಮಿಷ ಗಿರ್ರನೆ ಸುತ್ತಿ ನಿಲ್ಲುವ ತಲೆಸುತ್ತು ಬಹುತೇಕ ಕಿವಿಯ ಒಳಭಾಗದ್ದು. ಅದಕ್ಕಾಗಿ ಕ್ಯಾನ್ಸರ್ ಹುಡುಕಿಕೊಂಡು ಹೋಗಬೇಕಿಲ್ಲ.

ಪ್ರತಿಕಾಯ ಪರೀಕ್ಷೆಯ ವರದಿಯನ್ನು ಓದುವಾಗಲೂ ಎಚ್ಚರ ಬೇಕು. ಒಂದೇ ಪಟ್ಟಿಯ ಮೇಲೆ ಹತ್ತಾರು ಪ್ರತಿಕಾಯ ನೋಡುವ ಕಿಟ್‌ಗಳು ಈಗ ಖಾಸಗಿ ಲ್ಯಾಬ್‌ಗಳಲ್ಲೂ ಇವೆ. ಅವು ಕೆಲವೊಮ್ಮೆ ಇಲ್ಲದ್ದನ್ನು ಇದೆ ಎನ್ನುತ್ತವೆ. ದುರ್ಬಲ ಪಾಸಿಟಿವ್ ಎಂದು ಬರೆದ ಒಂದು ಸಾಲು ನೋಡಿ ಹೆದರಿ, ಇಡೀ ಮೈಯ ಸ್ಕ್ಯಾನಿಗೆ ದುಡ್ಡು ಹೊಂದಿಸಲು ಓಡಬಾರದು. ರೋಗಿಯ ಲಕ್ಷಣಕ್ಕೂ ವರದಿಗೂ ತಾಳೆಯಾಗುತ್ತದೆಯೇ, ಇನ್ನೊಂದು ವಿಧಾನದಲ್ಲಿ ಖಚಿತಪಡಿಸಿಕೊಳ್ಳಬೇಕೇ ಎಂದು ನರರೋಗ ತಜ್ಞರನ್ನೇ ಕೇಳಬೇಕು. ಮತ್ತೊಂದು ತುದಿಯಲ್ಲಿ, ಅಪಾಯದ ಪ್ರತಿಕಾಯ ಖಚಿತವಾಗಿದ್ದು ಗಡ್ಡೆ ಸಿಗದವರು ನಿರಾಳರಾಗಿ ಮನೆಗೆ ಹೋಗುವಂತಿಲ್ಲ. ನಾಲ್ಕರಿಂದ ಆರು ತಿಂಗಳಿಗೊಮ್ಮೆ, ಎರಡು ವರ್ಷದವರೆಗೆ, ಮತ್ತೆ ಮತ್ತೆ ಹುಡುಕಬೇಕೆಂದು 2021ರ ಅಂತರರಾಷ್ಟ್ರೀಯ ತಜ್ಞರ ಸಲಹೆ ಹೇಳುತ್ತದೆ.

ರೆಪ್ಪೆಯ ನೇರಳೆ, ಬೆರಳಿನ ಗಂಟು

ಚರ್ಮ ಮತ್ತು ಸ್ನಾಯುವಿಗೆ ಒಟ್ಟಿಗೆ ತಗಲುವ ಡರ್ಮಟೊಮಯೊಸೈಟಿಸ್ ಎಂಬ ಕಾಯಿಲೆ ಇದೆ. ಮೇಲಿನ ರೆಪ್ಪೆಯ ಸುತ್ತ ನೇರಳೆ ಛಾಯೆ, ಬೆರಳಿನ ಗೆಣ್ಣುಗಳ ಮೇಲೆ ಉಬ್ಬಿದ ಕೆಂಪು ಕಲೆ, ಕತ್ತು-ಹೆಗಲ ಮೇಲೆ ಶಾಲು ಹೊದ್ದಂತೆ ಹರಡಿದ ಕಲೆ. ಪುಸ್ತಕದ ಚಿತ್ರಗಳಲ್ಲಿ ಕಾಣುವ ಬಣ್ಣ ಬಿಳಿ ಮೈಯದ್ದು. ಗೋಧಿ ಬಣ್ಣದ, ಕಪ್ಪು ಬಣ್ಣದ ಮೈಯಲ್ಲಿ ಇದು ಬರೀ ಕಂದು-ಕಪ್ಪಾಗಿ ಕಾಣುತ್ತದೆ, ಬಂಗು ಎಂದೋ ಬಿಸಿಲಿಗೆ ಕಪ್ಪಾಗಿದೆ ಎಂದೋ ತಳ್ಳಿಹಾಕಿಬಿಡುತ್ತಾರೆ. ಬಂಗು ಬಂದವರಿಗೆ ತೋಳು-ತೊಡೆ ಸೋಲುವುದಿಲ್ಲ. ಇದರಲ್ಲಿ ಸೋಲುತ್ತದೆ. ಜಡೆ ಹಾಕಿಕೊಳ್ಳಲು ಕೈ ಮೇಲೆತ್ತಲಾಗದು, ನೆಲದಿಂದ ಏಳಲು ಗೋಡೆ ಹಿಡಿಯಬೇಕು, ಬಸ್ಸಿನ ಮೆಟ್ಟಿಲು ಹತ್ತಲು ಯಾರಾದರೂ ಕೈ ಕೊಡಬೇಕು. ಕೆಲವರಿಗೆ ಅನ್ನ ನುಂಗುವುದೂ ಕಷ್ಟ.

ಈ ಕಾಯಿಲೆ ಬಂದವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ, ಬಹುತೇಕರಿಗೆ ಇರುವುದಿಲ್ಲ. ಆದರೆ ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದಾಖಲೆಗಳನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 618 ಡರ್ಮಟೊಮಯೊಸೈಟಿಸ್ ರೋಗಿಗಳ ಪೈಕಿ 198 ಮಂದಿಗೆ ಮೊದಲೋ ಆಮೇಲೋ ಕ್ಯಾನ್ಸರ್ ಇತ್ತು. ಅಂಡಾಶಯದ ಕ್ಯಾನ್ಸರಿನ ಪ್ರಮಾಣವಂತೂ ಸಾಮಾನ್ಯ ಜನರಿಗಿಂತ ಸುಮಾರು ಹತ್ತು ಪಟ್ಟು. ಕಾಯಿಲೆ ಪತ್ತೆಯಾದ ಮೊದಲ ವರ್ಷ ಅಪಾಯ ಹೆಚ್ಚು, ಆಮೇಲೆ ಇಳಿಯುತ್ತದೆ. ನಲವತ್ತು ದಾಟಿದ ಮಹಿಳೆಗೆ ಈ ಕಾಯಿಲೆ ಹೊಸದಾಗಿ ಬಂದು, ಟಿಐಎಫ್-1 ಗ್ಯಾಮಾ ಎಂಬ ಪ್ರತಿಕಾಯವೂ ಸಿಕ್ಕರೆ, ಚರ್ಮದ ವೈದ್ಯರ ಚೀಟಿ ಹಿಡಿದು ಸ್ತ್ರೀರೋಗ ತಜ್ಞರಲ್ಲಿಗೆ ಹೋಗುವುದು ಐಚ್ಛಿಕವಲ್ಲ.

ಕೈಗೆ ಬರುವ ಇನ್ನೊಂದು ಅಪರೂಪದ ತೊಂದರೆಯನ್ನು 1982ರಲ್ಲಿ ಅಮೆರಿಕದ ಮೆಡ್ಸ್‌ಗರ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರ್ ಇದ್ದ ಆರು ಮಹಿಳೆಯರಲ್ಲಿ ಗುರುತಿಸಿದರು. ಅಂಗೈಯ ಒಳಪದರ ದಪ್ಪಗಾಗಿ ಗಟ್ಟಿಯಾಗುತ್ತದೆ, ಬೆರಳು ಒಳಕ್ಕೆ ಮಡಚಿಕೊಳ್ಳುತ್ತವೆ, ಭುಜ ಮತ್ತು ಕೀಲುಗಳು ನೋಯುತ್ತವೆ. ರೊಟ್ಟಿ ತಟ್ಟಲು ಅಂಗೈ ಚಪ್ಪಟೆಯಾಗಿ ಬಿಚ್ಚುವುದೇ ಇಲ್ಲ. ಸಂಧಿವಾತವೆಂದು ಚಿಕಿತ್ಸೆ ನಡೆಯುತ್ತಿರುತ್ತದೆ. ಕೆಲವೇ ವಾರಗಳಲ್ಲಿ ಎರಡೂ ಕೈಗಳಲ್ಲಿ ಹೀಗಾಗಿದ್ದರೆ ಒಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರೆ ನಷ್ಟವಿಲ್ಲ. ಕಣ್ಣಿನ ಮಾತೂ ಹೀಗೆಯೇ: ಎರಡೂ ಕಣ್ಣಿನ ದೃಷ್ಟಿ ವಾರಗಳಲ್ಲೇ ಕುಸಿದು, ಪೊರೆ ವೇಗವಾಗಿ ಬಲಿತು, ಕಣ್ಣಿನ ನಡುಪದರದಲ್ಲಿ ವರ್ಣಕೋಶಗಳು ಹಬ್ಬುವ ಒಂದು ಕಾಯಿಲೆಗೆ ಹೆಂಗಸರಲ್ಲಿ ಹೆಚ್ಚಾಗಿ ಗರ್ಭಕೋಶ-ಅಂಡಾಶಯದ ಕ್ಯಾನ್ಸರೇ ಹಿನ್ನೆಲೆ. ಅದನ್ನು ಗುರುತಿಸುವವರು ರೆಟಿನಾ ತಜ್ಞರು.

ರಕ್ತ ಹೇಳುವ ಸಂಗತಿ

ಪ್ಯಾರಿಸಿನ ಆರ್ಮಾನ್ ಟ್ರೂಸೋ ಎಂಬ ಪ್ರಸಿದ್ಧ ವೈದ್ಯರು, ರಕ್ತನಾಳಗಳಲ್ಲಿ ಕಾರಣವಿಲ್ಲದೆ ರಕ್ತ ಹೆಪ್ಪುಗಟ್ಟುವುದು ಒಳಗೆ ಅಡಗಿರುವ ಕ್ಯಾನ್ಸರಿನ ಸೂಚನೆಯಾಗಿರಬಹುದು ಎಂದು 1865ರಲ್ಲಿ ಹೇಳಿದ್ದರು. 1867ರ ಆರಂಭದಲ್ಲಿ ಅವರದೇ ತೋಳಿನ ನಾಳ ಹೆಪ್ಪುಗಟ್ಟಿತು. ತನಗೇನಾಗಿದೆ ಎಂದು ಅವರಿಗೆ ತಕ್ಷಣ ಗೊತ್ತಾಯಿತು. ಅದೇ ವರ್ಷ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು.

ಸ್ತ್ರೀರೋಗಗಳ ಪೈಕಿ ಈ ಹೆಪ್ಪುಗಟ್ಟುವಿಕೆಗೆ ಹೆಸರಾದದ್ದು ಅಂಡಾಶಯದ ಕ್ಲಿಯರ್ ಸೆಲ್ ಕ್ಯಾನ್ಸರ್. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಇದರ ಸಂಭವ ಸ್ವಲ್ಪ ಹೆಚ್ಚು. ಒಂದೇ ಕಾಲು ಊದಿ ಮೀನಖಂಡ ನೋಯುವುದು, ಹಠಾತ್ತನೆ ಉಸಿರು ಕಟ್ಟುವುದು, ಕೆಲವರಲ್ಲಿ ಮೆದುಳಿನ ಹಲವು ಜಾಗಗಳಲ್ಲಿ ಒಟ್ಟಿಗೆ ಪಾರ್ಶ್ವವಾಯು: ಇವೆಲ್ಲ ಮೊದಲ ಲಕ್ಷಣವಾಗಬಹುದು. ಉಸಿರು ಕಟ್ಟಿದರೆ ಅದು ತುರ್ತು ಚಿಕಿತ್ಸೆಯ ವಿಷಯ, ಕಾರಣ ಹುಡುಕುವುದು ಆಮೇಲೆ. ಹೆರಿಗೆ, ಶಸ್ತ್ರಚಿಕಿತ್ಸೆ, ದೀರ್ಘ ಪ್ರಯಾಣ, ಗರ್ಭನಿರೋಧಕ ಮಾತ್ರೆ ಇವೂ ರಕ್ತ ಹೆಪ್ಪುಗಟ್ಟಲು ಕಾರಣವಾಗುತ್ತವೆ. ಇವ್ಯಾವೂ ಇಲ್ಲದೆ, ಮತ್ತೆ ಮತ್ತೆ, ಬೇರೆ ಬೇರೆ ಜಾಗದಲ್ಲಿ ಆಗುತ್ತಿದ್ದರೆ ಹೊಟ್ಟೆಯ ಕಡೆಗೂ ಒಮ್ಮೆ ನೋಡಬೇಕು.

ಕ್ಯಾಲ್ಸಿಯಂ ಇನ್ನೊಂದು ಸುಳಿವು. ಗಡ್ಡೆ ತಯಾರಿಸುವ, ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಹೋಲುವ ಪ್ರೋಟೀನು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಸುರಿಯುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಮಂಪರು, ಗೊಂದಲ. ಸಕ್ಕರೆ ಕಾಯಿಲೆ ಎಂದು ಪರೀಕ್ಷಿಸಿದರೆ ಸಕ್ಕರೆ ಸರಿಯಾಗಿಯೇ ಇರುತ್ತದೆ. ಹದಿಹರೆಯದವರು ಮತ್ತು ಇಪ್ಪತ್ತರ ಆಸುಪಾಸಿನ ಯುವತಿಯರಿಗೆ ಬರುವ ಅಂಡಾಶಯದ ಒಂದು ಉಗ್ರ ಸಣ್ಣಕೋಶ ಕ್ಯಾನ್ಸರಿನಲ್ಲಿ ಮೂವರಲ್ಲಿ ಇಬ್ಬರಿಗೆ ಕ್ಯಾಲ್ಸಿಯಂ ಏರಿರುತ್ತದೆ. ಅದರ ಹಿಂದೆ ಎಸ್‌ಎಂಎಆರ್‌ಸಿಎ4 ಎಂಬ ವಂಶವಾಹಿಯ ದೋಷವಿದೆ ಎಂದು 2014ರಲ್ಲಿ ತಿಳಿಯಿತು. ಆದರೆ ನಮ್ಮಲ್ಲಿ ಕ್ಯಾಲ್ಸಿಯಂ ಏರಲು ಬೇರೊಂದು ಕಾರಣವೂ ಇದೆ. ಮಂಡಿನೋವಿಗೆಂದು ವಾರಕ್ಕೊಮ್ಮೆ ಬರೆದುಕೊಟ್ಟ ವಿಟಮಿನ್ ಡಿ ಪೊಟ್ಟಣವನ್ನು ತಿಂಗಳುಗಟ್ಟಲೆ, ಕೆಲವರು ದಿನವೂ ನುಂಗುತ್ತಾರೆ. ವೈದ್ಯರ ಮುಂದೆ ಆ ಪೊಟ್ಟಣವನ್ನೂ ತೋರಿಸಿ.

ಗರ್ಭಕಂಠದ ಸಣ್ಣಕೋಶ ಕ್ಯಾನ್ಸರ್ ಅಪರೂಪದ್ದು. ಅದು ರಕ್ತದ ಸೋಡಿಯಂ ಇಳಿಸಿ ಪ್ರಜ್ಞೆ ತಪ್ಪಿಸಬಲ್ಲದು, ಕಾರ್ಟಿಸಾಲ್ ಏರಿಸಿ ಬಿಪಿ-ಶುಗರ್ ಎರಡನ್ನೂ ಕೆಡಿಸಬಲ್ಲದು. ದ್ರಾಕ್ಷಿ ಗೊಂಚಲಿನಂತೆ ಬೆಳೆಯುವ ಮೋಲಾರ್ ಗರ್ಭದಲ್ಲಿ ಏರುವ ಎಚ್‌ಸಿಜಿ ಹಾರ್ಮೋನು ಥೈರಾಯ್ಡನ್ನು ಕೆಣಕಿ ಎದೆ ಡವಡವ ಎನ್ನಿಸುತ್ತದೆ. ಗರ್ಭ ತೆಗೆದ ಮೇಲೆ ಥೈರಾಯ್ಡ್ ತಾನಾಗಿ ತಣ್ಣಗಾಗುತ್ತದೆ. ಫೈಬ್ರಾಯ್ಡ್ ಎಂದರೆ ರಕ್ತಹೀನತೆ ಎಂದೇ ಎಲ್ಲರಿಗೂ ಗೊತ್ತು. ಆದರೆ ಕೆಲವು ದೊಡ್ಡ ಫೈಬ್ರಾಯ್ಡ್‌ಗಳು ಎರಿತ್ರೊಪೊಯಿಟಿನ್ ತಯಾರಿಸಿ ಹಿಮೊಗ್ಲೋಬಿನ್ನನ್ನು ಅಳತೆ ಮೀರಿ ಏರಿಸುತ್ತವೆ. ರಕ್ತ ಚೆನ್ನಾಗಿದೆ ಎಂದು ಸಂತೋಷಪಡುವ ಸಂಗತಿಯಲ್ಲ ಅದು, ರಕ್ತ ದಪ್ಪಗಾಗಿ ಹೆಪ್ಪುಗಟ್ಟುವ ಅಪಾಯವಿದೆ.

ಏನು ಮಾಡಬೇಕು

ಮೊದಲಿಗೆ, ಎರಡು ಬೇರೆ ಬೇರೆ ವಿಭಾಗಗಳ ಲಕ್ಷಣಗಳನ್ನು ಒಂದೇ ವೈದ್ಯರಿಗೆ ಹೇಳುವ ಅಭ್ಯಾಸ ಬೇಕು. ಚರ್ಮದ ವೈದ್ಯರ ಮುಂದೆ ಹೊಟ್ಟೆಯುಬ್ಬರದ ಮಾತೇಕೆ, ನರರೋಗ ತಜ್ಞರ ಮುಂದೆ ಬಿಳಿಮುಟ್ಟಿನ ಮಾತೇಕೆ ಎಂದು ಹೆಂಗಸರು ನುಂಗಿಕೊಳ್ಳುತ್ತಾರೆ, ಜೊತೆಯಲ್ಲಿ ಗಂಡನೋ ಮಗನೋ ಇದ್ದರಂತೂ ಇನ್ನೂ ಹೆಚ್ಚು. ಆದರೆ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡದ್ದು, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಸೀರೆ ಬಿಗಿಯಾಗುವಷ್ಟು ಹೊಟ್ಟೆ ಉಬ್ಬುವುದು, ಕಾರಣವಿಲ್ಲದೆ ತೂಕ ಇಳಿದದ್ದು, ತಾಯಿಗೋ ಅಕ್ಕನಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದದ್ದು: ಇಂಥ ಒಂದು ವಾಕ್ಯದಿಂದ ವೈದ್ಯರ ಯೋಚನೆಯ ದಿಕ್ಕು ಬದಲಾಗುತ್ತದೆ. ನೇರವಾಗಿಯೇ ಕೇಳಬಹುದು: ಡಾಕ್ಟರೇ, ಇದಕ್ಕೂ ಗರ್ಭಕೋಶ-ಅಂಡಾಶಯಕ್ಕೂ ಸಂಬಂಧ ಇರಬಹುದೇ, ಒಮ್ಮೆ ಸ್ಕ್ಯಾನ್ ಮಾಡಿಸಲೇ? ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಸಿಎ-125 ರಕ್ತಪರೀಕ್ಷೆಯನ್ನು ಸ್ವಂತ ಬುದ್ಧಿಯಿಂದ ಮಾಡಿಸಿಕೊಳ್ಳುವುದು ಬೇಡ. ಹೊಟ್ಟೆಯ ಕ್ಷಯ, ಎಂಡೊಮೆಟ್ರಿಯೋಸಿಸ್, ಮುಟ್ಟಿನ ದಿನಗಳು ಎಲ್ಲದರಲ್ಲೂ ಅದು ಏರುತ್ತದೆ, ಆರಂಭದ ಕ್ಯಾನ್ಸರಿನಲ್ಲಿ ಏರದೆಯೂ ಇರುತ್ತದೆ. ಸ್ಕ್ಯಾನಿನ ಜೊತೆಗಿಟ್ಟು ಓದಿದರೆ ಮಾತ್ರ ಅದಕ್ಕೆ ಅರ್ಥ.

ಗಡ್ಡೆ ಸಿಕ್ಕಿತೆಂದುಕೊಳ್ಳಿ. ಆಗ ನರರೋಗ ತಜ್ಞರು ಮತ್ತು ಕ್ಯಾನ್ಸರ್ ತಜ್ಞರು ಪರಸ್ಪರ ಮಾತಾಡುವಂತೆ ನೋಡಿಕೊಳ್ಳುವ ಹೊಣೆ ಬಹಳ ಸಲ ರೋಗಿಯ ಕಡೆಯವರ ಮೇಲೇ ಬೀಳುತ್ತದೆ. ಮೊದಲು ನರದ ಚಿಕಿತ್ಸೆ ಮುಗಿಯಲಿ, ಆಮೇಲೆ ಆಪರೇಷನ್ ನೋಡೋಣ ಎಂದು ತಿಂಗಳು ಕಳೆಯುವುದು ಇಲ್ಲಿ ನಡೆಯುವುದಿಲ್ಲ. ಗಡ್ಡೆ ಇರುವವರೆಗೆ ದಾಳಿ ನಡೆಯುತ್ತಲೇ ಇರುತ್ತದೆ, ಎರಡೂ ಒಟ್ಟಿಗೆ ಸಾಗಬೇಕು. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಮತ್ತು ನಿಮ್ಹಾನ್ಸ್ ಅಕ್ಕಪಕ್ಕದಲ್ಲೇ ಇವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಇಮ್ಯುನೊಗ್ಲಾಬುಲಿನ್‌ನಂಥ ದುಬಾರಿ ಔಷಧ ಅದರಲ್ಲಿ ಸೇರುತ್ತದೆಯೇ ಎಂದು ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ದಾಖಲಾಗುವ ಮೊದಲೇ ವಿಚಾರಿಸಬೇಕು. ಕ್ಯಾನ್ಸರಿಗೆ ಈಗ ಕೊಡುವ ಇಮ್ಯುನೊಥೆರಪಿ ಔಷಧಗಳು ನಿರೋಧಕ ಶಕ್ತಿಯನ್ನು ಕೆರಳಿಸುವಂಥವು. ಹಿಂದೆ ಇಂಥ ನರದ ತೊಂದರೆ ಆಗಿದ್ದವರು ಅದನ್ನು ಕ್ಯಾನ್ಸರ್ ತಜ್ಞರಿಗೆ ಮೊದಲೇ ಹೇಳಿರಬೇಕು.

ಕೊನೆಗೆ, ಗರ್ಭಕೋಶ ತೆಗೆಸಿಕೊಂಡವರಿಗೆ ಒಂದು ಮಾತು. ಕರ್ನಾಟಕದ ಹಳ್ಳಿಗಳಲ್ಲಿ ನಲವತ್ತಕ್ಕೂ ಮೊದಲೇ ಗರ್ಭಕೋಶ ತೆಗೆಸಿಕೊಂಡ ಹೆಂಗಸರು ಸಾಕಷ್ಟಿದ್ದಾರೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಅನಗತ್ಯವಾಗಿ ನಡೆದ ಇಂಥ ಶಸ್ತ್ರಚಿಕಿತ್ಸೆಗಳು 2015ರ ಹೊತ್ತಿಗೆ ದೊಡ್ಡ ಸುದ್ದಿಯಾಗಿದ್ದವು. ಗರ್ಭಕೋಶ ಹೋದ ಮೇಲೆ ಹೆಣ್ಣಿನ ಕ್ಯಾನ್ಸರ್ ಬರುವುದೇ ಇಲ್ಲ ಎಂದು ಅವರು ನಂಬಿರುತ್ತಾರೆ, ಕೇಳುವ ವೈದ್ಯರಿಗೂ ಎಲ್ಲಾ ತೆಗೆದುಬಿಟ್ಟಿದ್ದಾರೆ ಎಂದೇ ಹೇಳುತ್ತಾರೆ. ಗರ್ಭಕೋಶ ತೆಗೆದರೂ ಅಂಡಾಶಯ, ಅಂಡನಾಳಗಳನ್ನು ಉಳಿಸಿರುವುದು ಉಂಟು, ಒಂದನ್ನಷ್ಟೇ ತೆಗೆದಿರುವುದೂ ಉಂಟು. ಏನನ್ನು ತೆಗೆದರು, ಏನನ್ನು ಬಿಟ್ಟರು ಎಂಬುದು ಡಿಸ್ಚಾರ್ಜ್ ಕಾಗದದಲ್ಲಿ ಬರೆದಿರುತ್ತದೆ. ಆ ಕಾಗದ ಮನೆಯಲ್ಲಿ ಎಲ್ಲಿದೆ ಎಂದು ಇವತ್ತೇ ಹುಡುಕಿ, ಒಂದು ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನು ತೋರಿಸಿ.